ಮೊಂಡಿಯ ಏಳು ಅಂಕ

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡನ ಕಡೆಯವರು ಆಡಿಕೊಳ್ಳುವುದುಂಟು. ಆಡಿಕೊಳ್ಳಲಿ. ಆದರೆ ಈ ಸಲ ಬಂದ ಸಿಟ್ಟು ಮೂಗಿನ ತುದಿಯದಲ್ಲ, ಹೊಟ್ಟೆಯಾಳದಿಂದ ಎದ್ದದ್ದು. ಕೇಳಿದರೆ ನೀವೂ ಅವಳ ಕಡೆಗೇ ನಿಲ್ಲುತ್ತೀರಿ.

ಭಾನುವಾರ ಮಧ್ಯಾಹ್ನ ಬಾವನ ಮನೆಯಲ್ಲಿ ನಾಲ್ಕು ಜನ ಮೇಜಿನ ಸುತ್ತ ಕೂತು ಆಟ ಆಡುತ್ತಾರೆ. ಇಸ್ಪೀಟಲ್ಲ. ಒಬ್ಬರು ಕಥೆ ಕಟ್ಟುತ್ತ ಹೋಗುವುದು, ಉಳಿದವರು ತಮ್ಮದೊಂದು ಪಾತ್ರ ಮಾಡಿಕೊಂಡು ಆ ಕಥೆಯೊಳಗೆ ನುಗ್ಗುವುದು. ಗೋಡೆ ಹಾರಬೇಕೆ, ರಾಜನ ಎದುರು ಸುಳ್ಳು ಹೇಳಬೇಕೆ, ದಾಳ ಉರುಳಿಸಿ, ಬಿದ್ದದ್ದಕ್ಕೆ ಪಾತ್ರದ ಅಂಕ ಸೇರಿಸಿ ನೋಡಬೇಕು. ಬಲಕ್ಕೆ ಇಷ್ಟು, ಧೈರ್ಯಕ್ಕೆ ಇಷ್ಟು, ಮಾತಿಗೆ ಇಷ್ಟು ಎಂದು ಅಂಕಗಳಿವೆ. ಪಾತ್ರ ಒಂದೊಂದು ಮೆಟ್ಟಿಲು ಮೇಲೇರಿದಾಗಲೂ ಒಂದಿಷ್ಟು ಹೊಸ ಅಂಕ ಸಿಗುತ್ತದೆ. ಕಥೆ ಹೇಳುವವನು ಬಾವ, ಅವಳ ಗಂಡನ ಅಣ್ಣ. ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಾನೆ; ಕಲಿಯುವವರ ಪಕ್ಕ ಕೂತು, ತನ್ನ ಕಡೆಯ ಬ್ರೇಕಿನ ಮೇಲಿಂದ ಕಾಲು ತೆಗೆಯದ ಆಸಾಮಿ.

ಅವಳ ಪಾತ್ರದ ಹೆಸರು ಮೊಂಡಿ. ದೋಣಿ ನಡೆಸುವವಳು, ಬಾಯಿಬಡುಕಿ, ಕತ್ತಿ ಹಿಡಿಯದೆ ಬರೀ ಮಾತಿನಲ್ಲೇ ಕೋಟೆಯ ಬಾಗಿಲು ತೆಗೆಸುವವಳು. ಹಲ್ಲಿನ ಲ್ಯಾಬಿನಲ್ಲಿ ವಾರವಿಡೀ ಕಂಡವರ ಹಲ್ಲಿನ ಸೆಟ್ಟು ತಿಕ್ಕುತ್ತ, ಹುಬ್ಬಿನವರೆಗೂ ಬಿಳಿ ಪುಡಿ ಮೆತ್ತಿಕೊಂಡು, ಮಾಲೀಕನ ಮುಂದೆ ತುಟಿಪಿಟಕ್ಕೆನ್ನದೆ ದುಡಿಯುವವಳಿಗೆ ವಾರಕ್ಕೊಮ್ಮೆ ಮೊಂಡಿಯಾಗುವುದೆಂದರೆ ಹೋದ ಜೀವ ಬಂದಂತೆ. ಈಚೆಗೆ ಮಾತ್ರ ಮೊಂಡಿಯ ಮಾತು ಎಲ್ಲೂ ನಡೆಯುತ್ತಿರಲಿಲ್ಲ. ಒಂದು ಭಾನುವಾರ ದಾಳ ಚೆನ್ನಾಗಿಯೇ ಬಿದ್ದರೂ ಒಬ್ಬ ಪುಟಗೋಸಿ ಕಾವಲುಗಾರ ಅವಳನ್ನು ಕತ್ತು ಹಿಡಿದು ಆಚೆ ನೂಕಿದ.

ಪಾತ್ರಗಳೆಲ್ಲ ಒಂದು ಆ್ಯಪಿನಲ್ಲಿದ್ದವು. ಖಾತೆ ಬಾವನದು, ಚಂದಾ ಕಟ್ಟುವವನು ಬಾವ, ಅಂಕ ಹಾಕುವವನೂ ಬಾವನೇ. ಉಳಿದವರು ತಮ್ಮ ಫೋನಿನಲ್ಲಿ ನೋಡಬಹುದು, ಮುಟ್ಟುವಂತಿಲ್ಲ.

"ಪಾಸ್‌ವರ್ಡ್ ಕೊಡಿ ಬಾವ, ಮೊಂಡೀನ ಸ್ವಲ್ಪ ಸರಿ ಮಾಡ್ಕೋತೀನಿ," ಎಂದಳು ಆಟ ಮುಗಿದ ಮೇಲೆ.

"ನಿಂಗ್ಯಾಕಮ್ಮ ಅದೆಲ್ಲ ತಲೆನೋವು? ಏನ್ ಬೇಕೋ ನಂಗೆ ಹೇಳು, ನಾನೇ ಹಾಕ್ತೀನಿ," ಎಂದು ಬಾವ ನಕ್ಕ. ಗಂಡನೂ ನಕ್ಕ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನದಿಂದಲೇ ಊಟದ ಬಿಡುವಿನಲ್ಲಿ ಲ್ಯಾಬಿನ ಮೂಲೆಯ ಸ್ಟೂಲಿನ ಮೇಲೆ ಕೂತು, ಪಾತ್ರ ಕಟ್ಟಿಕೊಳ್ಳಲು ಕೈಗೆಟುಕುವಂಥದ್ದು ಬೇರೆ ಏನಾದರೂ ಇದೆಯೇ ಎಂದು ಹುಡುಕತೊಡಗಿದಳು. ಉಚಿತ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡಿದ್ದ ಮೊದಲನೆಯದು ಹೊಸಿಲಲ್ಲೇ ಕಾರ್ಡಿನ ನಂಬರ್ ಕೇಳಿತು. ಇನ್ನೊಂದು ಮೊಂಡಿಗೆ ಕೂದಲು ಪುಕ್ಕಟೆ ಕೊಟ್ಟು, ಕಣ್ಣಿಗೆ ಬೇರೆ ದುಡ್ಡು, ದೋಣಿಗೆ ಬೇರೆ ದುಡ್ಡು ಎಂದಿತು. ಕುರುಡಿಯಾಗಿ ಈಜಿಕೊಂಡು ಹೋಗು ಅಂತಲೇ? ಮತ್ತೊಂದರಲ್ಲಿ ಒಂದು ಅಂಕ ಒತ್ತಿದರೆ ಒಂದು ಜಾಹೀರಾತು, ಅದೂ ಹಲ್ಲಿನ ಸೆಟ್ಟಿನದು. ಫೋನನ್ನು ಪ್ಲಾಸ್ಟರಿನ ಬಕೆಟ್ಟಿಗೆ ಅದ್ದಿಬಿಡುವಷ್ಟು ರೇಗಿತು. ನಾಲ್ಕು ಜನ ಕೂತು ಆಡುವ ಆಟಕ್ಕೂ ತಿಂಗಳ ಬಾಡಿಗೆ ವಸೂಲಿ ಮಾಡುವ ಈ ಪುಣ್ಯಾತ್ಮರಿಗೆ ಬೇರೆ ಕಸುಬಿಲ್ಲವೇ!

ಕೊನೆಗೆ ಸಿಕ್ಕಿದ್ದು ಬಣ್ಣವಿಲ್ಲದ, ಚಿತ್ರವಿಲ್ಲದ ಒಂದು ಬೋಳು ವೆಬ್ ಪುಟ. ಯಾರೋ ಇದೇ ಆಟದ ಹುಚ್ಚಿನವರು ಮಾಡಿಟ್ಟದ್ದು. ಒಂದೇ ಸಲ, ಒಂದು ಸಿನಿಮಾ ಟಿಕೆಟಿಗಿಂತ ಕಡಿಮೆ ಕೊಟ್ಟರೆ ಮುಗಿಯಿತು. ಕೊಟ್ಟು, ಬಾವನ ಆ್ಯಪಿನಲ್ಲಿದ್ದ ಮೊಂಡಿಯನ್ನು ನೋಡಿಕೊಂಡು ಅಂಕಗಳನ್ನು ಒಂದೊಂದಾಗಿ ಇಳಿಸಿದಳು. ಎಷ್ಟನೆಯ ಮೆಟ್ಟಿಲು ಎಂದು ಕೇಳಿತು, ಹೇಳಿದಳು. "ಇನ್ನೂ ಏಳು ಅಂಕ ಬಾಕಿ ಇದೆ, ಹಂಚಿಕೊಳ್ಳಿ," ಎಂದಿತು.

ಅಗ್ಗದ ಮಾಲು, ಲೆಕ್ಕ ಬರುವುದಿಲ್ಲ ಎಂದುಕೊಂಡಳು. ಮನೆಗೆ ಹೋಗಿ ಗಂಡನ ಫೋನು ತೆಗೆದುಕೊಂಡು ಅವನ ಕೊಡಲಿ ದೈತ್ಯನನ್ನೂ ಹಾಕಿ ನೋಡಿದಳು. ಒಂದಂಕವೂ ಬಾಕಿಯಿಲ್ಲ. ಮೊಂಡಿಯನ್ನು ಮತ್ತೆ ಹಾಕಿದಳು. ಏಳು. ಆಗ ಅವಳ ಪಿತ್ತ ನೆತ್ತಿಗೇರಿತು. ಗಂಡನಿಗೆ ಏನೂ ಹೇಳದೆ ಭಾನುವಾರದವರೆಗೆ ಹಲ್ಲು ಕಚ್ಚಿ ಕೂತಳು.

ಭಾನುವಾರ ಬಾವ ದಾಳಗಳನ್ನು ಮೇಜಿನ ಮೇಲೆ ಸುರಿಯುವ ಮೊದಲೇ ಫೋನಿನಲ್ಲಿ ಆ ಪುಟ ತೆರೆದು ತೋರಿಸಿ ಕೇಳಿಬಿಟ್ಟಳು. "ನನ್ನ ಏಳು ಅಂಕ ಎಲ್ಲಿ ಬಾವ?"

ಬಾವ ಎಳ್ಳಷ್ಟೂ ಕಕ್ಕಾಬಿಕ್ಕಿಯಾಗಲಿಲ್ಲ. "ನಾನೇ ತಡೆದಿಟ್ಟಿದ್ದೀನಿ. ನೀನು ಬಾಯಿ ತೆಗೆದ್ರೆ ಬಾಗಿಲೆಲ್ಲ ತೆಗೀತಿತ್ತು. ನಾನು ವಾರ ಪೂರ್ತಿ ಕೂತು ಕಟ್ಟಿದ ಕಥೆ ಅರ್ಧ ಗಂಟೇಲಿ ಮುಗಿದುಹೋದ್ರೆ ಏನು ಚೆಂದ? ಆಟದ ಒಳ್ಳೇದಕ್ಕೇ ಮಾಡಿದ್ದು."

"ಇವರ ದೈತ್ಯಂದು ಯಾಕೆ ತಡೀಲಿಲ್ಲ?"

"ಅವನು ಹೇಳಿದ ಹಾಗೆ ಕೇಳ್ತಾನೆ."

ಅವಳು ಗಂಡನ ಕಡೆ ತಿರುಗಿದಳು. ಅವನು ಒಂದು ದಾಳವನ್ನು ಬೆರಳಲ್ಲಿ ತಿರುಗಿಸುತ್ತಿದ್ದ. "ಅಣ್ಣ ಒಂದ್ಸಲ ಹೇಳಿದ್ದ ಕಣೇ. ಆಟ ತಾನೆ, ಹೋಗ್ಲಿ ಬಿಡು ಅಂತ..."

"ಗೊತ್ತಿತ್ತಾ ನಿಮಗೆ?" ಅವಳ ದನಿ ಪಕ್ಕದ ಮನೆಗೂ ಕೇಳಿಸಿರಬೇಕು. "ಪ್ರತಿ ವಾರ ನಾನು ಸೋತು ಮುಖ ಸಪ್ಪೆ ಮಾಡ್ಕೊಂಡು ಮನೆಗೆ ಬರುವಾಗ, ಇವತ್ತು ನಿನ್ನ ಅದೃಷ್ಟ ಸರಿಯಿರಲಿಲ್ಲ ಅಂತ ಸಮಾಧಾನ ಬೇರೆ ಹೇಳ್ತಿದ್ರಲ್ಲ! ನಾಚಿಕೆ ಆಗಲ್ವಾ?" ಗಂಡ ದಾಳವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಬಾವನ ಮೇಲಿನ ಸಿಟ್ಟು ಒಂದು ತೂಕವಾದರೆ ಇವನ ಮೇಲಿನದು ಹತ್ತು ತೂಕವಾಯಿತು.

"ಆಯ್ತಮ್ಮ, ಒಂದು ಆಟಕ್ಕೆ ಇಷ್ಟು ರಂಪ ಬೇಡ. ಹಾಕ್ತೀನಿ ಏಳು ಅಂಕ, ಶುರು ಮಾಡೋಣ," ಎಂದ ಬಾವ.

"ಸ್ವಲ್ಪ ತಡೀರಿ," ಎಂದಳು ವಾರಗಿತ್ತಿ.

ಅದುವರೆಗೂ ಎಲ್ಲರೂ ಅವಳನ್ನು ಮರೆತೇ ಬಿಟ್ಟಿದ್ದರು. ಬಾವನ ಹೆಂಡತಿ, ಟ್ಯಾಕ್ಸಿ ಕಚೇರಿಯಲ್ಲಿ ಫೋನು ಎತ್ತಿ, ದಾರಿ ತಪ್ಪಿದ ಚಾಲಕರನ್ನೆಲ್ಲ ಗದರಿಸಿ ದಾರಿಗೆ ತರುವ ಹೆಂಗಸು. ಆಟದಲ್ಲಿ ಮಾತ್ರ ಗಿಡಮೂಲಿಕೆಯ ಅಜ್ಜಿಯಾಗಿ ಎಲ್ಲರ ಹಿಂದೆ ನಿಲ್ಲುತ್ತಿದ್ದಳು. ಅಜ್ಜಿ ಮದ್ದು ಅರೆದರೆ ಕೆಡುತ್ತಿತ್ತು, ಓಡಿದರೆ ಬೀಳುತ್ತಿದ್ದಳು. ವರ್ಷಗಳ ಹಿಂದೆ ಆಟ ಶುರುವಾದಾಗಿನಿಂದ ಅಜ್ಜಿ ಗೆದ್ದದ್ದನ್ನು ಯಾರೂ ಕಂಡಿರಲಿಲ್ಲ. ನನ್ನ ಕೈಗುಣವೇ ಇಷ್ಟು ಎಂದು ವಾರಗಿತ್ತಿ ನಕ್ಕು, ಎದ್ದು ಹೋಗಿ ಎಲ್ಲರಿಗೂ ಟೀ ತರುತ್ತಿದ್ದಳು.

"ನಂದೂ ಒಂದ್ಸಲ ಹಾಕಿ ನೋಡೇ," ಎಂದು ತನ್ನ ಫೋನು ಹಿಡಿದು ಅಜ್ಜಿಯ ಅಂಕಗಳನ್ನು ಓದತೊಡಗಿದಳು.

"ಅದೆಲ್ಲ ಈಗ್ಯಾಕೆ?" ಬಾವ ಕೈ ಚಾಚಿದ. ಅವಳು ಫೋನು ಬಿಡಲಿಲ್ಲ, ಓದುವುದನ್ನೂ ನಿಲ್ಲಿಸಲಿಲ್ಲ. ಕಿರಿಯವಳು ಒಂದೊಂದಾಗಿ ಒತ್ತಿದಳು. ಕೊನೆಯದನ್ನು ಒತ್ತಿದ ಮೇಲೆ ಬಾಯಲ್ಲಿ ಹೇಳಲಾಗದೆ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಹತ್ತೊಂಬತ್ತು ಬಾಕಿ ಇತ್ತು.

ವಾರಗಿತ್ತಿ ಅದನ್ನು ನೋಡುತ್ತಲೇ ಕೂತಳು.

"ಇಷ್ಟು ವರ್ಷ ನಾನೇ ದಡ್ಡಿ ಅಂದ್ಕೊಂಡಿದ್ದೆ," ಎಂದಳು. ಆಮೇಲೆ ಗಂಡನ ಮುಖವನ್ನೇ ನೋಡುತ್ತ ಕೇಳಿದಳು.

"ಈ ಮನೇಲಿ ನಂದು ಇನ್ನೂ ಏನೇನು ತಡೆದಿಟ್ಟಿದ್ದೀರಿ?"