ಲೋಸೈಡ್ ಅಷ್ಟೆ

ಸಂತು ಬೈಕ್ ಕೊಂಡ ಮೇಲೆ ಬಾಣಾವರದ ಆ ಮನೆಯಲ್ಲಿ ಊಟದ ಹೊತ್ತಿನ ಮಾತೇ ಬದಲಾಗಿಹೋಯಿತು. ಭಾನುವಾರ ಭಾನುವಾರ ಗೆಳೆಯರ ಜೊತೆ ರೈಡ್ ಹೋಗಿ ಬರುವನು, ಬಂದವನು ಮುದ್ದೆ ಮುರಿಯುತ್ತಾ ಅಕ್ಕ ಕಾವ್ಯಶ್ರೀಗೆ ಎಲ್ಲವನ್ನೂ ಅವರದೇ ಮಾತಿನಲ್ಲಿ ಹೇಳುವನು. ಗುಂಪಿನ ಕೊನೆಯಲ್ಲಿ, ಯಾರೂ ಹಿಂದೆ ಉಳಿಯದಂತೆ ನೋಡಿಕೊಂಡು ಬರುವವನು ‘ಸ್ವೀಪ್’. ಟೈರಿನ ಅಂಚಿನಲ್ಲಿ ಸವೆಯದೆ ಉಳಿದ ಪಟ್ಟಿ ‘ಚಿಕನ್ ಸ್ಟ್ರಿಪ್’. ಅದು ಅಗಲವಾಗಿದ್ದಷ್ಟೂ ಸವಾರ ತಿರುವಿನಲ್ಲಿ ಗಾಡಿ ಬಾಗಿಸಲು ಹೆದರುವ ಪುಕ್ಕಲ ಎಂದು ಲೆಕ್ಕ. ಕಾವ್ಯಶ್ರೀ ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಬೈಕಿನ ಮೇಲೆ ಅವಳಿಗೆ ಕೋಪವಿತ್ತು, ತಮ್ಮನ ಮಾತಿನ ಮೇಲೆ ಇರಲಿಲ್ಲ. ಕೇಳಿ ಕೇಳಿ ಅರ್ಧ ಅವಳಿಗೂ ಬಂದುಬಿಟ್ಟಿತ್ತು.

ಹೋದ ಮಳೆಗಾಲದಲ್ಲಿ ಅವನು ಮೊಣಕೈ ತರಚಿಕೊಂಡು ಬಂದಿದ್ದ. ಅವಳು ಬೈಯಲು ಶುರು ಮಾಡಿದಾಗ ಲೋಟವೊಂದನ್ನು ತಟ್ಟೆಯ ಮೇಲೆ ಮಲಗಿಸಿ ಜಾರಿಸಿ ತೋರಿಸಿದ. ಇದು ಲೋಸೈಡ್, ಗಾಡಿ ಬಾಗಿದ ಕಡೆಗೇ ಜಾರಿ ಬೀಳೋದು, ಚರ್ಮ ಹೋಗುತ್ತೆ ಅಷ್ಟೆ, ನಾವು ಇದಕ್ಕೆಲ್ಲ ನಗ್ತೀವಿ ಅಂದ. ಇನ್ನೊಂದಿದೆ, ಹೈಸೈಡ್. ಜಾರುತ್ತಿರುವ ಹಿಂದಿನ ಚಕ್ರ ತಟ್ಟನೆ ರಸ್ತೆ ಹಿಡಿದರೆ ಗಾಡಿ ಆಚೆ ಕಡೆಗೆ ಒದ್ದು ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ಅದಕ್ಕೆ ಯಾರೂ ನಗೋದಿಲ್ಲ ಎಂದವನೇ ಲೋಟವನ್ನು ಗಾಳಿಯಲ್ಲಿ ತಿರುಗಿಸಿ ನೆಲಕ್ಕೆ ಬೋರಲು ಹಾಕಿದ. ಇನ್ನೊಂದು ಸಲ ಬಿದ್ದರೆ ಗಾಡಿ ಮಾರಿಸುತ್ತೇನೆ ಎಂದು ಅವಳು ಅವತ್ತೇ ಹೇಳಿದ್ದಳು.

ಈ ಭಾನುವಾರ ಬೆಳಿಗ್ಗೆ ಗುಂಪು ಬೇಲೂರಿಗೆ ತಿಂಡಿಗೆ ಹೋಗಿತ್ತು. ಬಿಸಿಲೇರುವ ಹೊತ್ತಿಗೆ, ಗುಂಪಿನ ಮುಂದಾಳು ಮಾಧವ ಸಂತುವನ್ನು ಕಾರೊಂದರಲ್ಲಿ ಕರೆತಂದು ಮನೆ ಮುಂದೆ ಇಳಿಸಿದ. ಹಳೇಬೀಡು ದಾಟಿದ ಮೇಲೆ ಜಾವಗಲ್ ಕಡೆಯ ತಿರುವಿನಲ್ಲಿ ಮರಳು ಬಿದ್ದಿತ್ತಂತೆ. ಕಾವ್ಯಶ್ರೀ ಬಾಗಿಲಲ್ಲೇ ನಿಂತು ಹೇಗೆ ಬಿದ್ದ ಎಂದು ಕೇಳಿದಳು.

“ಲೋಸೈಡ್ ಅಷ್ಟೆ ಅಕ್ಕ,” ಅಂದ ಮಾಧವ. ಹಳೇಬೀಡಿನಲ್ಲಿ ಡಾಕ್ಟರಿಗೂ ತೋರಿಸಿದ್ದೇವೆ, ಗಾಯ ತೊಳೆದು ಇಂಜೆಕ್ಷನ್ ಕೊಟ್ಟಿದ್ದಾರೆ ಎಂದು ಸೇರಿಸಿದ. ಸಂತು ನಗುತ್ತಲೇ ಒಳಗೆ ನಡೆದು ಬಂದ. ತಾಯಿ ಕೆಂಪಲಕ್ಷ್ಮಮ್ಮ ಕೊಟ್ಟ ಮಜ್ಜಿಗೆ ಕುಡಿದ. ಗಾಡಿ ಎಲ್ಲಿ ಎಂದು ಕೇಳಿದ. ಹಳೇಬೀಡಲ್ಲಿ ಬಿಟ್ಟು ಬಂದಿದ್ದೀವಲ್ಲ ಎಂದು ಮಾಧವ ಹೇಳಿ ಹೋದ. ಸ್ವಲ್ಪ ಹೊತ್ತಿಗೆ ಸಂತು ಮತ್ತೆ, ಗಾಡಿ ಎಲ್ಲಕ್ಕ ಎಂದ. ಬೈಕಿನ ಧ್ಯಾನ ಬಿಟ್ಟು ಮಲಗು ಎಂದು ಕಾವ್ಯಶ್ರೀ ರೇಗಿ, ಹೊದಿಕೆ ಹೊದಿಸಿ, ಬೆಳಕು ಬೀಳದಿರಲೆಂದು ಕಿಟಕಿಯನ್ನೂ ಮುಚ್ಚಿದಳು.

ಮಧ್ಯಾಹ್ನ ಅವಳ ಫೋನಿಗೆ ಆಶ್ರಿತಾ ಕರೆ ಮಾಡಿದಳು. ಅರಸೀಕೆರೆಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಅವತ್ತಿನ ಸ್ವೀಪ್ ಅವಳೇ. ಸಂತುವಿನ ಸ್ಕ್ಯಾನ್ ರಿಪೋರ್ಟ್ ಏನು ಬಂತು ಎಂದು ಕೇಳಿದಳು. ಜಾರಿ ಬಿದ್ದವನಿಗೆ ಯಾವ ಸ್ಕ್ಯಾನು ಎಂದಳು ಕಾವ್ಯಶ್ರೀ.

“ಲೋಸೈಡ್ ಅಲ್ಲ ಅಕ್ಕ,” ಅಂದಳು ಆಶ್ರಿತಾ. “ಹೈಸೈಡ್. ನಾನು ಹಿಂದೇನೇ ಇದ್ದೆ. ತಲೆ ಮೊದಲು ಬಿತ್ತು, ಹೆಲ್ಮೆಟ್ ಸೀಳಿದೆ. ಅಕ್ಕನಿಗೆ ಹೇಳ್ಬೇಡ್ರೋ, ಗಾಡಿ ಮಾರಿಸ್ತಾಳೆ ಅಂತ ಅವನೇ ಮಾಧವನ ಕೈ ಹಿಡ್ಕೊಂಡ. ಸೀದಾ ಹಾಸನಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಹೇಳಿದ್ದ ಮಾಧವ.”

ಕಾವ್ಯಶ್ರೀಗೆ ಆ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಫೋನು ಕೈಯಲ್ಲಿದ್ದಂತೆಯೇ ಕೋಣೆಗೆ ಓಡಿದಳು. ದಿಂಬಿನ ಮೇಲೆ ವಾಂತಿಯಾಗಿತ್ತು. ಸಂತು ಗೊರಕೆ ಹೊಡೆಯುತ್ತಿದ್ದ, ಅವನೆಂದೂ ಹೊಡೆಯದ ಥರದ ಗೊರಕೆ. ಭುಜ ಹಿಡಿದು ಅಲುಗಿಸಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದ. ನಾನೇ ಮಲಗಿಸಿದೆ, ಕಿಟಕಿ ಮುಚ್ಚಿ ನಾನೇ ಮಲಗಿಸಿದೆ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಪಕ್ಕದ ಮನೆಯ ಮರಿಯಣ್ಣ ಉಂಡ ಕೈ ತೊಳೆಯದೆ ತನ್ನ ಓಮ್ನಿ ತೆಗೆದ. ಕೆಂಪಲಕ್ಷ್ಮಮ್ಮ ಮುಂದೆ ಕೂತರು. ಹಿಂದಿನ ಸೀಟಿನಲ್ಲಿ ಕಾವ್ಯಶ್ರೀ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅರಸೀಕೆರೆಯಲ್ಲಿ ಮೊದಲು ಕಂಡ ಆಸ್ಪತ್ರೆಯವರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಸ್ಕ್ಯಾನ್ ಮಾಡುವವರು ಇವತ್ತಿಲ್ಲ, ಆಂಬುಲೆನ್ಸೂ ಹೊರಗೆ ಹೋಗಿದೆ, ಕಾಯದೆ ಹಾಸನಕ್ಕೆ ಹೋಗಿ, ಆದಷ್ಟೂ ಎಚ್ಚರ ಇರಿಸಿ ಎಂದರು.

ಎಚ್ಚರ ಇರಿಸುವುದು ಹೇಗೆ? ಹೆಸರು ಕೂಗಿದಳು, ಕೆನ್ನೆ ತಟ್ಟಿದಳು, ಅವನು ಮಿಸುಕಲಿಲ್ಲ. ಹಾರನಹಳ್ಳಿ ದಾಟುವಾಗ ಬೇರೇನೂ ತೋಚದೆ ಕೇಳಿದಳು:

“ಸಂತು, ಸ್ವೀಪ್ ಅಂದ್ರೆ ಯಾರೋ?”

ತುಟಿ ಅಲುಗಿತು. “ಹಿಂದೆ... ಬರೋನು.”

“ಚಿಕನ್ ಸ್ಟ್ರಿಪ್ ಇದ್ರೆ?”

“ಪುಕ್ಲ.”

ಬೇರೆ ಯಾವ ಮಾತಿಗೂ ಬಾರದವನು ಈ ಮಾತುಗಳಿಗೆ ಬರುತ್ತಿದ್ದ. ಅವಳು ತನಗೆ ಗೊತ್ತಿದ್ದದ್ದನ್ನೆಲ್ಲ ಒಂದೊಂದಾಗಿ ಕೇಳತೊಡಗಿದಳು. ಕೇಳಿದ್ದನ್ನೇ ಮತ್ತೆ ಕೇಳಿದಳು. ಮುಂದಿನ ಸೀಟಿನಿಂದ ಕೆಂಪಲಕ್ಷ್ಮಮ್ಮ, ನೋವಾಗಿರೋ ಮಗೀನ ಯಾಕೆ ಹಿಂಗೆ ಕಾಡ್ತೀಯೆ, ಮಲಿಕ್ಕಳ್ಳಿ ಬಿಡೇ ಎಂದು ಅತ್ತರು. ಮರಿಯಣ್ಣ ಹಾರನ್ ಮೇಲಿನ ಕೈ ತೆಗೆಯದೆ ಓಡಿಸುತ್ತಿದ್ದ. ಉತ್ತರಗಳು ಸಣ್ಣದಾಗುತ್ತಾ ಬಂದವು. ಅವಳ ಹತ್ತಿರ ಪದಗಳೂ ಮುಗಿದವು. ದುದ್ದ ಬರುವಾಗ ಉಳಿದಿದ್ದು ಒಂದೇ.

“ಹೆಂಗೆ ಬಿದ್ದೆ ಹೇಳೋ. ಹೈಸೈಡ್ ಆಯ್ತಾ? ಗಾಡಿ ಮಾರಲ್ಲ ಕಣೋ, ನಿನ್ನಾಣೆ ಮಾರಲ್ಲ. ನಿಜ ಹೇಳು.”

ಬಹಳ ಹೊತ್ತಿನ ಮೇಲೆ ಅವನೆಂದ: “ಲೋಸೈಡ್... ಅಷ್ಟೆ ಕಣಕ್ಕ.”

ಅದಾದ ಮೇಲೆ ಅವನು ಏನು ಕೇಳಿದರೂ ಮಾತಾಡಲಿಲ್ಲ. ಅವಳು ಹಾಸನ ಬರುವವರೆಗೂ ಕೇಳುತ್ತಲೇ ಇದ್ದಳು.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಮಾಡಿ ತೆಗೆದರು. ಉಳಿಯುತ್ತಾನೋ ಇಲ್ಲವೋ ಎಂದು ಡಾಕ್ಟರು ಹೇಳಲಿಲ್ಲ, ಬೆಳಿಗ್ಗೆ ಬಂದಿದ್ದರೆ ಚೆನ್ನಾಗಿತ್ತು ಎಂದರು. ಸಂಜೆ ಮಾಧವ ಬಂದು ಕಾರಿಡಾರಿನ ಕೊನೆಯಲ್ಲಿ ನಿಂತ. ಜೊತೆಗೆ ಬಂದಿದ್ದ ಆಶ್ರಿತಾ ಅವನನ್ನು ಮುಂದಕ್ಕೆ ತಳ್ಳಿದಳು. ಮನೆ ಹತ್ತಿರ ಬರುವಾಗ ಸಂತು ಸರಿಯಾಗೇ ಮಾತಾಡುತ್ತಿದ್ದ, ಏನೂ ಆಗಿಲ್ಲವೆಂದು ತಾನೂ ನಂಬಿದೆ ಎಂದು ಅವನು ಹೇಳಲು ನೋಡಿದ. ಕಾವ್ಯಶ್ರೀಗೆ ಅವನನ್ನು ಹೊಡೆಯಬೇಕು ಅನಿಸಿತು. ಎದ್ದಳು ಕೂಡ. ಎದ್ದವಳು ಅವನದೇ ತೋಳು ಹಿಡಿದುಕೊಂಡು ಮತ್ತೆ ಕೂತಳು.

ಸಂತು ಉಳಿದ. ಕಣ್ಣು ಬಿಟ್ಟ ದಿನ ಅಮ್ಮನನ್ನು ಗುರುತು ಹಿಡಿದ. ಬಲಗೈ ಏಳಲಿಲ್ಲ, ನಾಲಿಗೆ ಹೊರಳಲಿಲ್ಲ. ನೀರು ಬೇಕಾದರೂ ಬಾಯಿ ತೆರೆದು, ಪದ ಸಿಗದೆ, ಅಕ್ಕನ ಮುಖ ನೋಡುತ್ತಿದ್ದ. ಮಾತು ಬರುತ್ತೆ, ಎಷ್ಟು ಬರುತ್ತೋ ಹೇಳೋಕಾಗಲ್ಲ, ದಿನಾ ಮಾತಾಡಿಸ್ತಾ ಇರಿ ಎಂದು ಡಾಕ್ಟರು ಹೇಳಿ ಹೋದರು.

ಕಾವ್ಯಶ್ರೀ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡಳು. ಲೋಟ ತೋರಿಸಿ ಇದೇನು ಎಂದು ಕೇಳಿದಳು. ಅವನು ಬಹಳ ಹೊತ್ತು ನೋಡಿದ. ಅವಳು ಕಾಯುತ್ತಾ ಕೂತಳು.