‘ಸಂಗಾತಿ’ಯ ಕೊನೆಯ ಪ್ರಸಾರ

ನಮ್ಮ ‘ಸಂಗಾತಿ’ ಚಾನೆಲ್ಲಿನ ಚರಿತ್ರೆ ಹೇಳುವುದೆಂದರೆ ನಮ್ಮಣ್ಣ ಮೈಲಾರಲಿಂಗ ತಿಂದ ಹೊಡೆತಗಳನ್ನು ಹೇಳಿದರೆ ಮುಗಿಯಿತು. ಶಿಗ್ಗಾಂವದಲ್ಲಿ ಒಂದು ವಿಸಿಆರ್ ಇಟ್ಟುಕೊಂಡು, ಕಂಬದಿಂದ ಕಂಬಕ್ಕೆ ತಂತಿ ಎಳೆದು ಸಿನಿಮಾ ತೋರಿಸುತ್ತಿದ್ದ ಕಾಲದಲ್ಲಿ ಇನ್ನೊಬ್ಬ ಕೇಬಲ್‌ನವನು ತಂತಿ ಕತ್ತರಿಸಿದ. ಕೇಳಲು ಹೋದ ಅಣ್ಣನ ತಲೆಗೆ ಒಂಬತ್ತು ಹೊಲಿಗೆ. ಆಮೇಲೆ ಗೋವಿನಜೋಳದ ದರ, ಕಳೆದುಹೋದ ಎಮ್ಮೆ, ತೀರಿಕೊಂಡವರ ಫೋಟೊ ಎಲ್ಲ ಹಾಕತೊಡಗಿದೆವು. ಕಳಪೆ ಚರಂಡಿ ತೋರಿಸಿದ್ದಕ್ಕೆ ಗುತ್ತಿಗೆದಾರನೊಬ್ಬ ಅಣ್ಣನ ಎಡಗೈ ಮುರಿಸಿದ. ಅಣ್ಣ ಪ್ಲಾಸ್ಟರಿನಲ್ಲೇ ಮರುದಿನ ಮತ್ತೆ ಅದೇ ಚರಂಡಿ ತೋರಿಸಿದ. ಸುದ್ದಿ ಓದುವವಳೂ ಕ್ಯಾಮೆರಾ ಹಿಡಿಯುವವಳೂ ನಾನೇ, ಮಂಜುಳಾ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

ನಮಗೆ ಹೆಸರು ತಂದದ್ದು ಹೋರಿ ಹಬ್ಬ. ದೀಪಾವಳಿಯ ಬೆನ್ನಿಗೇ ಊರೂರಲ್ಲಿ ಹೋರಿಗಳ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಅಖಾಡಕ್ಕೆ ಬಿಡುತ್ತಾರೆ. ಓಡುವ ಹೋರಿಯ ಮೇಲೆ ಬಿದ್ದು ಕೊಬ್ಬರಿ ಹರಿದವನೇ ಗಂಡಸು. ಯಾರೂ ಹರಿಯದಿದ್ದರೆ ಹೋರಿಯ ಮಾಲೀಕ ವರ್ಷವಿಡೀ ಮೀಸೆ ತಿರುವುತ್ತಾನೆ. ಹರಿದರೋ ಇಲ್ಲವೋ ಎಂಬ ಜಗಳ ನಮ್ಮ ವಿಡಿಯೊ ನೋಡಿಯೇ ತೀರುತ್ತಿತ್ತು.

ಕಳೆದ ವರ್ಷ ಹಿರೇಬೆಂಡಿಗೇರಿಯ ಅಖಾಡದಲ್ಲಿ ಕರಬಸಪ್ಪ ಸಾವ್ಕಾರನ ಹೋರಿ ಓಡಿತು. ಎಂಟು ವರ್ಷದಿಂದ ಯಾರ ಕೈಗೂ ಸಿಗದ ಹೋರಿ ಅದು. ನಮ್ಮೂರಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಪರಮೇಶ ಅದರ ಕೊರಳಿಗೆ ಜೋತುಬಿದ್ದ. ಧೂಳೆದ್ದಿತು, ಜನ ಮುಗಿಬಿದ್ದರು. ಸಂಜೆಗೆ ಅವನ ಹೆಣ ಬಂತು. ಹೋರಿ ತುಳಿಯಿತು ಅಂದರು, ಎಲ್ಲರೂ ನಂಬಿದರು.

ನಾನೂ ನಂಬಿದ್ದೆ, ಎರಡು ದಿನ ಬಿಟ್ಟು ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡುವವರೆಗೆ. ಹೋರಿ ದಾಟಿಹೋದ ಮೇಲೆ, ಜನರ ಕಣ್ಣೆಲ್ಲ ಅದರ ಹಿಂದೆ ಇದ್ದಾಗ, ಪರಮೇಶ ಧೂಳಿನ ನಡುವೆ ಕೊಬ್ಬರಿ ಹಿಡಿದು ಎದ್ದು ನಿಂತಿದ್ದ. ಕರಬಸಪ್ಪನ ಮಗ ಫಕ್ಕೀರೇಶ ಹಿಂದಿನಿಂದ ಬಂದು ಅವನ ತಲೆಗೆ ಬಡಿಗೆಯಿಂದ ಮೂರು ಏಟು ಹಾಕಿ, ಕೊಬ್ಬರಿ ಕಸಿದುಕೊಂಡು ಹೋದ. ಮೂರನೆಯ ಏಟಿಗೆ ಪರಮೇಶ ಕೈ ಅಡ್ಡ ಹಿಡಿಯಲೂ ಇಲ್ಲ.

ಮರುದಿನ ಬೆಳಿಗ್ಗೆ ಪರಮೇಶನ ತಾಯಿ ಹೊಳೆವ್ವ ಸ್ಟುಡಿಯೊಗೆ ಬಂದಳು.

“ಹೋರಿ ತುಳದ್ರ ಎದಿ ಮುರೀತೈತಿ. ತಲಿ ಹ್ಯಾಂಗ ಒಡೀತು? ನಿಮ್ಮ ಕಡೆ ವಿಡಿಯೊ ಇದ್ರ ತೋರ್ಸ್ರಿ.”

ರಾತ್ರಿಯೇ ವಿಡಿಯೊ ನೋಡಿದ್ದ ಅಣ್ಣ, ಹುಡುಕುತ್ತೇವೆಂದು ಹೇಳಿ ಅವಳನ್ನು ಕಳಿಸಿದ. ಅವಳು ಹೋದ ಮೇಲೆ, “ಪೊಲೀಸರಿಗೆ ಕೊಡೋಣು. ಟಿವ್ಯಾಗ ಹಾಕಿದ್ರ ಇನ್ನೊಂದ್ ಹೆಣ ಬೀಳ್ತೈತಿ” ಎಂದ.

“ಈ ವಯಸ್ಸಿನ್ಯಾಗ ಹೆದರಾಕ ಕಲತ್ಯೇನು?” ಎಂದೆ. ಆ ಮಾತನ್ನು ಆಡಬಾರದಿತ್ತು.

ಠಾಣೆಗೆ ಹೊರಟ ಅಣ್ಣ ಚಪ್ಪಲಿ ಮೆಟ್ಟುವಷ್ಟರಲ್ಲಿ ಕರಬಸಪ್ಪನೇ ಆಳು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದ, ಜೊತೆಗೆ ಮಗನೂ. ಪರಮೇಶ ಕೊಬ್ಬರಿ ಹರಿದೇ ಸತ್ತ ಎಂದು ಸಂತೆಯಲ್ಲೆಲ್ಲ ಮಾತಾಗಿತ್ತಂತೆ.

“ನನ್ನ ಹೋರಿ ಕೊಬ್ಬರಿ ಯಾವ ಮಗನೂ ಹರದಿಲ್ಲ. ಈಗಿಂದೀಗ ವಿಡಿಯೊ ಹಾಕು, ಊರ ನೋಡ್ಲಿ.”

ಮಗ ಮಾಡಿದ್ದು ಅವನಿಗೆ ಗೊತ್ತಿರಲಿಲ್ಲ. “ಬ್ಯಾಡಪ್ಪಾ, ನಡಿ ಹೋಗೋಣು” ಎಂದ ಫಕ್ಕೀರೇಶನಿಗೆ ಎಲ್ಲರೆದುರೇ ಕಪಾಳಕ್ಕೆ ಬಿಗಿದ.

“ಕ್ಯಾಮೆರಾದ ಕಾರ್ಡ್ ಕೆಟ್ಟೈತ್ರಿ ಸಾವ್ಕಾರ್ರ” ಎಂದ ಅಣ್ಣ. ಆಳೊಬ್ಬ ಕುರ್ಚಿ ಎತ್ತಿ ಅಣ್ಣನ ಬಾಯಿಗೆ ಹೊಡೆದ. ಎರಡು ಹಲ್ಲು ಕೀಬೋರ್ಡಿನ ಮೇಲೆ ಬಿದ್ದವು. ನನ್ನ ಮೈಯೆಲ್ಲ ಉರಿದುಹೋಯಿತು.

“ಪೂರ್ತಿ ಹಾಕ್ಲೇನ್ರಿ?” ಎಂದು ಕೇಳಿದೆ.

“ಪೂರ್ತಿ ಹಾಕು. ಒಂದು ಚೂರೂ ಕತ್ತರಸಬ್ಯಾಡ.”

ಹಾಕಿದೆ. ಅಣ್ಣ ರಕ್ತ ಸುರಿಸುತ್ತ ವೈರು ಕೀಳಲು ಬಂದ, ಅವನನ್ನು ನೂಕಿದೆ. ಊರಿನ ಟಿವಿಗಳಲ್ಲೆಲ್ಲ ಪರಮೇಶ ಕೊಬ್ಬರಿ ಎತ್ತಿ ನಕ್ಕ. ಆಮೇಲೆ ಬಡಿಗೆ ಬಂತು. ಕರಬಸಪ್ಪ ತಿರುಗಿ ಮಗನ ಮುಖವನ್ನೇ ನೋಡುತ್ತ ನಿಂತ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಹತ್ತೇ ನಿಮಿಷ. ಚಹಾದಂಗಡಿಗಳಲ್ಲಿ ನೋಡುತ್ತಿದ್ದವರೆಲ್ಲ ಕಲ್ಲು, ಬಡಿಗೆ ಹಿಡಿದು ನಮ್ಮ ಮೆಟ್ಟಿಲ ಕೆಳಗೆ ಸೇರಿದರು. ಆಳುಗಳು ದಿಕ್ಕಾಪಾಲಾದರು. ಅಡ್ಡ ಬಂದ ಕರಬಸಪ್ಪನನ್ನು ಕೆಡವಿ ತುಳಿದು, ಫಕ್ಕೀರೇಶನನ್ನು ಕಾಲು ಹಿಡಿದು ರಸ್ತೆಗೆ ಎಳೆದರು. ಅವನ ತಲೆ ಪ್ರತಿ ಮೆಟ್ಟಿಲಿಗೂ ಬಡಿಯಿತು. ಅಣ್ಣ ಓಡಿಹೋಗಿ ಅವನ ಮೇಲೆ ಬೋರಲು ಬಿದ್ದ. ಅಣ್ಣನ ಪಕ್ಕೆಲುಬು ಮುರಿದು, ಅವನನ್ನು ಆಚೆ ಎಸೆದು, ಫಕ್ಕೀರೇಶನಿಗೆ ಮತ್ತೆ ಹೊಡೆದರು. ಏಟಿಗೊಮ್ಮೆ “ಯವ್ವಾ” ಎನ್ನುತ್ತಿದ್ದ ಹತ್ತೊಂಬತ್ತರ ಹುಡುಗ ಆಮೇಲೆ ಸುಮ್ಮನಾದ.

ಹೊಳೆವ್ವನೂ ನೆರೆಮನೆಯಲ್ಲಿ ನೋಡಿ ಬರಿಗಾಲಲ್ಲಿ ಓಡಿಬಂದಿದ್ದಳು. ಅವಳಿಗೆ ಸಮಾಧಾನವಾದೀತೆಂದು ಜನ ದಾರಿ ಬಿಟ್ಟರು. ಅವಳು ಕುಳಿತು, ಸೆರಗಿನಿಂದ ಆ ಹುಡುಗನ ಮೂಗು, ಬಾಯಿ ಒರೆಸಿದಳು. ಉಸಿರಿದೆಯೇ ಎಂದು ಅಂಗೈ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮೆಟ್ಟಿಲ ತುದಿಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು.

“ನಾ ತೋರ್ಸ್ರಿ ಅಂದಿದ್ನಿ, ತಂಗಿ. ಈಗ ಇವ್ನ ಅವ್ವಗ ನಾ ಏನಂತ ಹೇಳ್ಲಿ?”

‘ಸಂಗಾತಿ’ ಅಂದೇ ಬಂದ್ ಆಯಿತು. ಬಂದ್ ಮಾಡಿದ್ದು ಅಣ್ಣನಲ್ಲ, ನಾನು.