ಆಚೆ ದಡದ ದಣಪೆ

"ಏಯ್ ಜ್ಯೋತಿ, ಸ್ವಲ್ಪ ಅತ್ಲಾಗೆ ಸರಿಯೇ. ನಿನ್ನ ಕೆಸರು ಚೂಡಿ ಫ್ರೇಮಲ್ಲಿ ಬರ್ತಾ ಉಂಟು."

ದಡದ ಮೇಲೆ ಮೊಬೈಲು ಎದುರಿಗೆ ನಿಂತು ಅಪ್ಪಣೆ ಕೊಟ್ಟವನು ತೀರ್ಥೇಶ್. ಹಳ್ಳದ ನೀರಿಗೆ ಸೊಂಟದವರೆಗೆ ಇಳಿದು, ಬಗನಿ ಮರದ ದಿಮ್ಮಿಗೆ ಹೆಗಲು ಕೊಟ್ಟು ನಿಂತಿದ್ದವಳು ಜ್ಯೋತಿಲಕ್ಷ್ಮಿ. ಅವಳು ಸರಿದರೆ ದಿಮ್ಮಿ ಅಣ್ಣ ನಿರಂಜನನ ಕಾಲಿನ ಮೇಲೆ ಬೀಳುತ್ತಿತ್ತು.

"ಸರೀತೀನಿ. ನೀ ಇಳ್ದು ಬಂದು ಹೆಗ್ಲು ಕೊಡು."

"ಅದಕ್ಕೇ ಅಲ್ವೇನೇ ನೀವೆಲ್ಲ ಇರದು," ಎಂದು ತೀರ್ಥೇಶ್ ನಕ್ಕ. ಅವನ ಬಿಳಿ ಟೀಶರ್ಟಿನ ಎದೆಯ ಮೇಲೆ 'ಊರಿಗೊಬ್ಬ ಯುವ ಸಾರಥಿ' ಎಂದು ಅಚ್ಚಾಗಿತ್ತು. ಅವನು ಪಕ್ಕದಲ್ಲಿ ಬಿದ್ದಿದ್ದ ಹಾರೆಯನ್ನು ಎತ್ತಿಕೊಂಡು, ಹಣೆಯಲ್ಲಿಲ್ಲದ ಬೆವರನ್ನು ಒರೆಸಿಕೊಂಡು, "ಫ್ರೆಂಡ್ಸ್, ಹಳ್ಳ ದಾಟಕ್ಕೆ ನಮ್ಮ ಹಳ್ಳಿಯ ಕಾಲುಸಂಕ ನಾವೇ ಕಟ್ತಾ ಇದ್ದೀವಿ," ಎಂದು ಶುರುಮಾಡಿದ. ಹಾರೆ ತಲೆಕೆಳಗಾಗಿತ್ತು. ನಿರಂಜನ ನೋಡಿದ, ಹೇಳಲಿಲ್ಲ. ಇಂಥ ಸಣ್ಣಪುಟ್ಟ ಸಂತೋಷಗಳೂ ಇಲ್ಲದಿದ್ದರೆ ಆ ಚಳಿನೀರಿನಲ್ಲಿ ನಿಲ್ಲುವುದಾದರೂ ಹೇಗೆ.

ಹೊಸನಗರದಿಂದ ಸಾಕಷ್ಟು ಒಳಗಿರುವ ಹೊನ್ನೆಮಕ್ಕಿಯಲ್ಲಿ ಹಳ್ಳದ ಈಚೆ ದಡಕ್ಕೆ ಕೂಲಿಯವರ ಕೇರಿ. ಆಚೆ ದಡಕ್ಕೆ ಮುಕುಂದಯ್ಯನವರ ಬ್ಯಾಣ, ಅಂದರೆ ಅವರ ದನಗಳು ಮೇಯುವ ಹುಲ್ಲುಗುಡ್ಡ. ಅದರಾಚೆ ಟಾರು ರಸ್ತೆ, ಬಸ್ಸು, ಶಾಲೆ, ಆಸ್ಪತ್ರೆ, ರೇಷನ್ ಅಂಗಡಿ. ಸರ್ಕಾರ ಅನ್ನುವುದು ಏನಿದೆಯೋ ಅಷ್ಟೂ ಆಚೆ ದಡದಲ್ಲೇ ವಾಸ. ಮಳೆ ಹಿಡಿಯಿತೆಂದರೆ ಕೇರಿಯವರಿಗೆ ಉಳಿಯುವುದು ಗುಡ್ಡ ಸುತ್ತುವ ಕಾಡುದಾರಿ. ಕಳೆದ ಆಷಾಢದಲ್ಲಿ ನಿರಂಜನನ ಹೆಂಡತಿ ದುಗ್ಗಮ್ಮನಿಗೆ ಹೆರಿಗೆ ನೋವು ಬಂದಾಗ ಕಂಬಳಿಯ ಜೋಲಿ ಕಟ್ಟಿ ಅದೇ ದಾರಿಯಲ್ಲಿ ಹೊತ್ತುಕೊಂಡು ಹೋದರು. ಹೋಗುವಾಗ ಇಬ್ಬರ ಭಾರವಿತ್ತು, ಬರುವಾಗ ಒಬ್ಬಳದು. ಅಲ್ಲಿಂದೀಚೆಗೆ ದುಗ್ಗಮ್ಮ ಮಾತು ಕಡಿಮೆ ಮಾಡಿದಳು. ನಾದಿನಿ ಜ್ಯೋತಿ ಜಾಸ್ತಿ ಮಾಡಿದಳು.

ಬಿ.ಎ. ಮುಗಿಸಿ ಅಡಿಕೆ ಸುಲಿಯಲು ಹೋಗುತ್ತಿದ್ದ ಹುಡುಗಿ ಅವಳು. ಮೋರಿಯ ಮೇಲೆ ಕೂತು ಇಸ್ಪೀಟು ಆಡುವ ಕೇರಿಯ ಹುಡುಗರನ್ನೆಲ್ಲ ಬೈದು ಎಬ್ಬಿಸಿದಳು. ಇವತ್ತು ನಿನ್ನ ಪಾಲಿನ ಕೂಲಿಗೆ ನಾನು, ನಾಳೆ ನನ್ನ ಪಾಲಿನದಕ್ಕೆ ನೀನು ಎಂದು ಮುಯ್ಯಾಳಿನ ಕಟ್ಟು ಮಾಡಿ, ಸರದಿಯಂತೆ ಒಂದಷ್ಟು ಜನ ಸಂಕದ ಕೆಲಸಕ್ಕೆ ಉಳಿಯುವ ಹಾಗೆ ನೋಡಿಕೊಂಡಳು. ಎರಡು ದಿಮ್ಮಿ, ಅವುಗಳ ಮೇಲೆ ಅಡಿಕೆ ಮರ ಸೀಳಿ ಬಿಗಿದ ದಬ್ಬೆ. ಅಲ್ಲಿನ ರೂಢಿಯಂತೆ ಒಂದೇ ತುದಿಯನ್ನು ಸರಪಳಿ ಹಾಕಿ ಈಚೆ ದಡದ ನೇರಳೆ ಮರಕ್ಕೆ ಕಟ್ಟಿದರು. ಆಚೆ ತುದಿ ಕಲ್ಲಿನ ಮೇಲೆ ಸುಮ್ಮನೆ ಕೂತಿರಬೇಕು. ಹಳ್ಳ ಕೆರಳಿದಾಗ ಸಂಕ ಸೆಳವಿಗೆ ತಿರುಗಿ, ಕಟ್ಟಿದ ದಡಕ್ಕೆ ಬಂದು ಮಲಗುತ್ತದೆ, ಕೊಚ್ಚಿ ಹೋಗುವುದಿಲ್ಲ. ನೀರಿಳಿದ ಮೇಲೆ ಎಳೆದು ಮತ್ತೆ ಇಟ್ಟುಕೊಳ್ಳಬಹುದು.

ಇದಕ್ಕೆಲ್ಲ ತೀರ್ಥೇಶ್ ಏನು ಮಾಡಿದ ಅಂದರೆ, ವಿಡಿಯೊ ಮಾಡಿದ. ಅವನು ಮುಕುಂದಯ್ಯನವರ ಅಕ್ಕನ ಮಗ. ಶಿವಮೊಗ್ಗದ ಒಂದು ಸಂಸ್ಥೆ ಹಳ್ಳಿಗಳಲ್ಲಿ ಯುವ ನಾಯಕರನ್ನು ಹುಡುಕುತ್ತಿತ್ತು. ನಾಯಕ ಇಸ್ತ್ರಿ ಅಂಗಿ ಹಾಕಿಕೊಂಡೇ ಸಿಕ್ಕಿದ.

ಆಚೆ ದಡದಲ್ಲಿ ಬ್ಯಾಣದ ಬಾಯಿಗೆ ಒಂದು ದಣಪೆಯಿತ್ತು. ಎರಡು ಕಲ್ಲುಕಂಬದ ತೂತುಗಳಿಗೆ ಅಡ್ಡಲಾಗಿ ಬಿದಿರಿನ ಗಳ ತೂರಿಸಿದ ಬಾಗಿಲು. ಈಚಿನ ವರ್ಷಗಳಲ್ಲಿ ಅದಕ್ಕೆ ಕಬ್ಬಿಣದ ಪಟ್ಟಿ, ಬೀಗ ಎಲ್ಲ ಬಂದಿದ್ದವು. ಅದರ ವಿಚಾರ ಕೇಳಲು ಜ್ಯೋತಿ ಮುಕುಂದಯ್ಯನವರ ಮನೆಗೆ ಹೋದಳು. ಅವರು ಜಗಲಿಯ ಮೇಲೆ ಎಲೆಯಡಿಕೆಯ ಕವಳ ಹಾಕುತ್ತಾ ಕೂತಿದ್ದರು. ಅವಳು ಅಂಗಳದಲ್ಲಿ ನಿಂತಳು. ಕೂರು ಎನ್ನುವ ಮಾತು ಆ ಮನೆಯಲ್ಲಿ ಅಂಗಳದ ತನಕ ಬರುವುದಿಲ್ಲ.

"ಸಂಕ ಮಾಡ್ಕಳಿ ಮಾರಾಯ್ತಿ, ಯಾರು ಬ್ಯಾಡ ಅಂದ್ರು? ನಮ್ಮ ತೀರ್ಥನಿಗೂ ಒಂದು ಹೆಸರು ಬರ್ತದೆ. ಬ್ಯಾಣದಾಗೆ ದಾರಿ ಅಂತ ಮಾತ್ರ ಕೇಳ್ಬ್ಯಾಡ."

"ಸಂಕ ಇಳಿದ ಮೇಲೆ ಬ್ಯಾಣ ದಾಟ್ದೆ ಎಲ್ಲಿಗೆ ಹೋಗಾದು ಅಯ್ಯಾ? ಅಲ್ಲೇ ನಿಂತು ವಾಪಸ್ ಬರಾದಾ?"

"ಗಾಳಿ ತಗಳಕ್ಕೆ ಬನ್ನಿ." ಅವರ ಹೊಟ್ಟೆ ಕುಣಿಯಿತು. "ಅಲ್ವನೇ, ಉಳುವವನೇ ಒಡೆಯ ಅಂತ ಡಿಕ್ಲರೇಶನ್ ಕೊಡೋ ಟೈಮಲ್ಲಿ ನಿಮ್ಮಜ್ಜ ನನ್ನಪ್ಪನ ಗೇಣಿ ಗದ್ದೆ ನುಂಗಕ್ಕೆ ನೋಡ್ದ. ಆಗ್ಲಿಲ್ಲ. ಈಗ ನೀನು ಬಿ.ಎ. ಮಾಡಿ ಬ್ಯಾಣ ನುಂಗಕ್ಕೆ ಬಂದೀಯ. ಸಂಕದ ಉದ್ಘಾಟನೆ ಸಮಾರಂಭದ ದಿನ ದಣಪೆ ತೆಗ್ದಿರ್ತೀನಿ, ಸಂಸ್ಥೆ ಮೇಡಂ ನೋಡ್ಬೇಕಲ್ಲ. ಅವ್ರ ಕಾರು ಹೋತು, ಬೀಗ ಬಿತ್ತು. ತಿಳೀತಾ?"

ಅವರ ಹೆಂಡತಿ ಶಾಂತಮ್ಮ ಕಾಫಿ ತಂದರು. ಅಯ್ಯನವರಿಗೆ ಸ್ಟೀಲು ಲೋಟ, ಜ್ಯೋತಿಗೆ ಕಾಗದದ್ದು. "ಕುಡ್ದು ಅಲ್ಲೇ ಕಸದ ಗುಂಡಿಗೆ ಹಾಕು ಹುಡ್ಗಿ," ಎಂದರು ಅಕ್ಕರೆಯಿಂದಲೇ. ಜ್ಯೋತಿಯ ಅಜ್ಜಿ ಗುತ್ಯಮ್ಮನ ಕಾಲದಲ್ಲಿ ಇದೇ ಅಂಗಳದಲ್ಲಿ ತೆಂಗಿನ ಕರಟ ಇತ್ತು, ಕುಡಿದ ಮೇಲೆ ತೊಳೆದಿಡಬೇಕಿತ್ತು. ಈಗ ತೊಳೆಯುವ ಕೆಲಸ ತಪ್ಪಿದೆ. ದೇಶ ಮುಂದುವರಿದಿಲ್ಲ ಎಂದು ಯಾರಾದರೂ ಹೇಳಿದರೆ ಜ್ಯೋತಿ ಒಪ್ಪುವವಳಲ್ಲ. ಕಾಫಿ ಚೆಲ್ಲಿ ಬಂದಳು.

ಸಮಾರಂಭದ ದಿನ ಬೆಳಿಗ್ಗೆ ಸಂಸ್ಥೆಯ ಸ್ಪಂದನಾ ಮೇಡಂ ಕಾರಿಳಿದ ಕೂಡಲೇ ಜ್ಯೋತಿ ಅವರ ಬಳಿಗೆ ಹೋಗಿ ದಣಪೆಯ ಬೀಗದ ಕತೆ ಹೇಳಿದಳು. ನೀವು ಒಂದು ಮಾತು ಹೇಳಿದರೆ ಅಯ್ಯನವರು ತೆಗೆಯಬಹುದು ಎಂದಳು. ಮೇಡಂ ಒಳ್ಳೆಯವರು, ಅವಳ ಭುಜದ ಮೇಲೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮ, ಅದು ಲೋಕಲ್ ಇಶ್ಯೂ. ನಾವು ಅದರಲ್ಲಿ ಬರೋದಿಲ್ಲ. ನಮ್ಮದು ಲೀಡರ್‌ಶಿಪ್."

ದಣಪೆ ಅವತ್ತು ಹಾರು ಹೊಡೆದು ತೆರೆದಿತ್ತು. ಆಚೆ ದಡದಲ್ಲಿ ಶಾಮಿಯಾನ, ಕುರ್ಚಿ. ತೀರ್ಥೇಶನಿಗೆ ಶಾಲು ಹೊದಿಸಿದರು. ಸಂಕ ಕಟ್ಟಿದ ಹುಡುಗರಿಗೆ ಕಾಗದದ ಟೊಪ್ಪಿಗೆ, ಬಾಳೆಹಣ್ಣು. ಮುಕುಂದಯ್ಯನವರು ಮೈಕಿನಲ್ಲಿ ಶ್ರಮದಾನದ ಮಹತ್ವ ತಿಳಿಸಿದರು. ದಾನ ಕೊಟ್ಟವರು ಹಿಂದುಗಡೆ ನಿಂತು ಕೇಳಿದರು. ಆಮೇಲೆ ಫಲಾನುಭವಿಗಳ ಜೊತೆ ಫೋಟೊ ಆಗಬೇಕೆಂದು ಎಲ್ಲರೂ ಸಂಕ ದಾಟಿ ಕೇರಿಯ ಕಡೆಗೆ ಬಂದರು. ಮುಕುಂದಯ್ಯನವರು ಅಳಿಯನ ಹೆಗಲು ಹಿಡಿದು ದಾಟಿದರು. ಹುಟ್ಟಿದ ಮೇಲೆ ಕೇರಿಗೆ ಕಾಲಿಟ್ಟದ್ದು ಅವತ್ತೇ ಮೊದಲು, ಅದೂ ಚಪ್ಪಲಿ ಸಮೇತ ನೇರಳೆ ಮರದ ಬುಡದವರೆಗೆ.

ಸ್ಪಂದನಾ ಮೇಡಂ ಗುತ್ಯಮ್ಮನನ್ನು ನಡುವೆ ನಿಲ್ಲಿಸಿಕೊಂಡರು.

"ಅಜ್ಜಿ, ಈಗ ಹೇಗನ್ನಿಸ್ತಿದೆ ನಿಮಗೆ?"

"ಎಂತ ಅನ್ಸಾದು. ನಿಂತು ನಿಂತು ಕಾಲು ಸೇದ್ತದೆ."

"ಸ್ವಲ್ಪ ನಗಿ ಅಜ್ಜಿ."

"ಹಲ್ಲಿಲ್ಲ ತಂಗಿ. ಇದ್ದಿದ್ರೆ ಕಚ್ತಿದ್ದೆ."

ಮೇಡಂ ನಕ್ಕರು, ಫೋಟೊ ಚೆನ್ನಾಗಿ ಬಂತು. ಜ್ಯೋತಿ ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಅಯ್ಯಾ, ದಣಪೆ ನಾಳೆನೂ ತೆಗ್ದಿರ್ತದಾ?"

"ಅದೆಲ್ಲ ಆಮೇಲೆ ಮಾತಾಡನ. ಊಟಕ್ಕೆ ಹೊತ್ತಾತು."

"ನಾಳೆ ಮಕ್ಳು ಶಾಲಿಗೆ ಹೋಗ್ಬೇಕು. ಈಗ್ಲೇ ಹೇಳಿ."

"ಏಯ್, ದೊಡ್ಡವ್ರ ಎದ್ರಿಗೆ ಬಾಯಿ ಮುಚ್ಚೇ ಹಡಬೆ," ಎಂದು ಮುಕುಂದಯ್ಯನವರು ಗದರಿದರು.

ಜ್ಯೋತಿ ಅಣ್ಣನ ಕಡೆ ನೋಡಿದಳು. ನಿರಂಜನ ಹಾರೆ ಎತ್ತಿಕೊಂಡು ಸಂಕದ ಮೇಲೆ ನಡೆದು ಆಚೆ ತುದಿಗೆ ಹೋದ. ಕಲ್ಲಿಗೂ ದಿಮ್ಮಿಗೂ ನಡುವೆ ಹಾರೆ ಕೊಟ್ಟು ಮೀಟಿದ. ಯಾವುದೋ ರಿಪೇರಿ ಎಂದುಕೊಂಡು ಅತಿಥಿಗಳು ನೋಡುತ್ತಿದ್ದರು. ಸಂಕ ದಢಾರನೆ ನೀರಿಗೆ ಬಿತ್ತು. ಸೆಳವು ಅದನ್ನು ತಿರುಗಿಸಿತು. ತುದಿ ಹಿಡಿದುಕೊಂಡ ನಿರಂಜನನ ಸಮೇತ ಸಂಕ ಈಚೆ ದಡಕ್ಕೆ ಬಂದು, ನೇರಳೆ ಮರದ ಕೆಳಗೆ ಮಲಗಿತು. ಶಾಮಿಯಾನ, ಕಾರು, ಕೋಸಂಬರಿ, ಹೋಳಿಗೆ ಎಲ್ಲ ಆಚೆ ಉಳಿದವು.

"ಸೂಳೆಮಗ್ನೆ, ಎಂತ ಮಾಡ್ದ್ಯೋ?" ಎಂದು ಮುಕುಂದಯ್ಯನವರು ಕಿರುಚಿದರು.

ನಿರಂಜನ ಅಂಗಿ ಹಿಂಡಿಕೊಳ್ಳುತ್ತಾ, "ಬಿಚ್ಚಿದ್ದು ಅಯ್ಯಾ. ಕಟ್ಟಿದ್ದು ನಾವೇ ಅಲ್ವಾ," ಎಂದ.

ತೀರ್ಥೇಶ್ ಮೊಬೈಲು ಎತ್ತಿ ಎತ್ತಿ ಸಿಗ್ನಲ್ಲು ಹುಡುಕಿದ. ಕೇರಿಯಲ್ಲಿ ಅದು ಸಿಗುವುದು ಗುಡ್ಡದ ತುದಿಗೆ ಹೋದರೆ. ಸ್ಪಂದನಾ ಮೇಡಂ ಜ್ಯೋತಿಯ ಹತ್ತಿರ ಬಂದು, ಮೆಲ್ಲಗೆ, "ಇಲ್ಲಿಂದ ಬೇರೆ ದಾರಿ ಇಲ್ವೇನಮ್ಮ?" ಎಂದು ಕೇಳಿದರು.

"ಇದೆ ಮೇಡಂ. ಗುಡ್ಡ ಸುತ್ತಿ. ಇಂಬಳ ಹತ್ತಿ ರಕ್ತ ಹೀರ್ತವೆ, ಚಪ್ಪಲಿ ನಿಲ್ಲಲ್ಲ. ನಮ್ಮ ಅತ್ತಿಗೆನ ಹೆರಿಗೆಗೆ ಹೊತ್ಕೊಂಡ್ ಹೋಗಿದ್ದು ಅದ್ರಾಗೇ. ತೋರಿಸ್ಲಾ?"

ಮೇಡಂ ತಮ್ಮ ಚಪ್ಪಲಿ ನೋಡಿಕೊಂಡರು. ನಂತರ ಮುಕುಂದಯ್ಯನವರ ಕಡೆ ತಿರುಗಿ, "ಸರ್, ದಾರಿ ಬಿಡ್ತೀನಿ ಅಂದ್ಬಿಡಿ, ಮುಗಿದುಹೋಗ್ಲಿ," ಎಂದರು. ಲೋಕಲ್ ಇಶ್ಯೂ ಅಷ್ಟು ಹೊತ್ತಿಗೆ ಅವರ ಕಾಲಬುಡಕ್ಕೆ ಬಂದಿತ್ತು.

"ಏನಂತ ಅನ್ಲಿ? ಇವರಪ್ಪ ನನ್ನ ಕೊಟ್ಟಿಗೆ ಸಗಣಿ ಬಾಚಿದೋನು. ಇವಳ ಹತ್ರ ಕೇಳಿ ಹಳ್ಳ ದಾಟ್ಬೇಕಾ ನಾನು?"

ಮುಕುಂದಯ್ಯನವರು ಪಂಚೆ ಎತ್ತಿ ಕಟ್ಟಿದರು. ಅಳಿಯ ಬೇಡ ಮಾವ ಎಂದ, ಕೈ ಮಾತ್ರ ಹಿಡಿಯಲಿಲ್ಲ. ಮೇಲೆ ಘಟ್ಟದ ಕಡೆ ಬೆಳಗಿನಿಂದ ಮಳೆ ಹೊಯ್ದಿತ್ತು, ನೀರು ಕೆಂಪಗಾಗಿ ಏರುತ್ತಿತ್ತು. ಮೊದಲ ನಾಲ್ಕು ಹೆಜ್ಜೆ ಗತ್ತಿನಲ್ಲೇ ಇಟ್ಟರು. ಆಮೇಲೆ ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ನಡುಹಳ್ಳದಲ್ಲಿ ಪಾಚಿಗಲ್ಲಿನ ಮೇಲೆ ಕಾಲು ಜಾರಿ, ಪಕ್ಕದ ಬಂಡೆಯನ್ನು ತಬ್ಬಿ ನಿಂತರು. ಮುಂದಕ್ಕೆ ಹೋಗಲು ಧೈರ್ಯವಿಲ್ಲ, ಹಿಂದಕ್ಕೆ ಬರಲು ಮುಖವಿಲ್ಲ. ಪಂಚೆ ಬಿಚ್ಚಿಕೊಂಡು ನೀರಿನ ಜೊತೆ ಹೊರಟುಹೋಯಿತು. ಕೇರಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗುತ್ಯಮ್ಮ ಒತ್ತಿಕೊಳ್ಳಲಿಲ್ಲ, ಬೊಚ್ಚುಬಾಯಿ ತೆರೆದೇ ನಕ್ಕಳು.

ಜ್ಯೋತಿಗೂ ನಗು ಬಂತು, ಅದರ ಹಿಂದೆಯೇ ಭಯವೂ ಬಂತು. ಬಿದಿರಿನ ಗಳ ಒಂದನ್ನು ಎಳೆದು ನೀರಿನ ಮೇಲೆ ಚಾಚಿದಳು. ಹಿಡಿಯುವಷ್ಟು ಉದ್ದವಿರಲಿಲ್ಲ. ಒಂದು ಮಾರು ಕಡಿಮೆ. ಅವಳು ನೀರಿಗೆ ಇಳಿಯಬೇಕೆಂದು ಕಾಲೆತ್ತಿದಾಗ ಯಾರೋ ತೋಳು ಹಿಡಿದರು. ದುಗ್ಗಮ್ಮ. ಅವಳ ಕೈ ತಣ್ಣಗಿತ್ತು. ನಾದಿನಿಯ ಕೈಯಿಂದ ಗಳವನ್ನು ಬಿಡಿಸಿಕೊಂಡು, ತಾನೇ ಮೊಣಕಾಲುದ್ದ ನೀರಿಗೆ ಇಳಿದು, ಗಳದ ತುದಿಯನ್ನು ಅವರಿಗೆ ಎಟುಕುವುದಕ್ಕೆ ಒಂದೇ ಗೇಣು ಉಳಿಸಿ ನಿಲ್ಲಿಸಿದಳು.

"ದಣಪೆ," ಎಂದಳು.

ಮುಕುಂದಯ್ಯನವರ ತುಟಿ ಅಲ್ಲಾಡಿತು. ನೀರಿನ ಮೊರೆತದಲ್ಲಿ ಏನು ಹೇಳಿದರೋ ಯಾರಿಗೂ ತಿಳಿಯಲಿಲ್ಲ. ಬೈದಿರಲೂಬಹುದು.

"ಜೋರಾಗಿ ಹೇಳಿ ಅಯ್ಯಾ," ಎಂದಳು ದುಗ್ಗಮ್ಮ. "ಈ ದಡದಾಗೆ ನಿಂತು ಕೂಗಿದ್ರೆ ಆ ದಡದವ್ರಿಗೆ ಕೇಳಂಗಿಲ್ಲ. ಹೆರಿಗೆ ನೋವು ಬಂದ ದಿನ ನಾನೂ ಇಲ್ಲೇ ಭಾಳ ಹೊತ್ತು ಕೂಗಿದ್ದೆ."